ಎದ್ದರೆ ಸೀಟು ಹೋಗುತ್ತದೆ

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಯುತ್ತಿದ್ದಂತೆ ನಾಗಭೂಷಣ ಮನೆಯಲ್ಲಿದ್ದ ಕುರ್ಚಿಗಳನ್ನೆಲ್ಲ ಎಳೆದು ತಂದು ಪಡಸಾಲೆಯಲ್ಲಿ ವಿಮಾನ ಕಟ್ಟಿದ. ಮೂರು ಮರದ ಕುರ್ಚಿಗಳನ್ನು ಒಂದಕ್ಕೊಂದು ಅಂಟಿಸಿ ಒಂದು ಸಾಲು. ಅದರ ಮುಂದೆ, ಮೊಣಕಾಲು ತಾಗುವಷ್ಟು ಹತ್ತಿರಕ್ಕೆ, ಇನ್ನೊಂದು ಕುರ್ಚಿಯ ಬೆನ್ನು. ಅಮೆರಿಕ ಹೇಗಿತ್ತು ಎಂದು ಕೇಳಲು ಬಂದ ಪಕ್ಕದ ಮನೆಯ ಮಾಳಿಂಗಪ್ಪನವರನ್ನು ಒಂದು ಬದಿಗೆ, ಏಳು ವರ್ಷದ ಮಗಳು ಅಂಕಿತಾಳನ್ನು ಇನ್ನೊಂದು ಬದಿಗೆ ಕೂರಿಸಿ, ತಾನು ನಡುವೆ ತೂರಿಕೊಂಡ.

“ಇದು ನೋಡ್ರಿ ಸೀಟು. ಇದ್ರಾಗೆ ಹದಿನೈದು ತಾಸು. ಚಿಕಾಗೋದಾಗೆ ಹತ್ತಿದ್ರೆ ಹಾಂಗ್‌ಕಾಂಗೇ. ನಡುವೆ ಒಂದು ಸ್ಟಾಪಿಲ್ಲ.”

ಮಾಳಿಂಗಪ್ಪ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. “ಊಟಕ್ಕೂ ನಿಲ್ಸಲ್ಲೇನಪ? ಎಂಥಾ ಡ್ರೈವರ್ ಅವ್ನು!”

“ಊಟ ಕೂತಲ್ಲಿಗೇ ಬರ್ತೈತ್ರಿ. ಮುಂದಿನ ಸೀಟಿನ ಬೆನ್ನಾಗೆ ಒಂದು ಹಲಗಿ ಐತೆ. ಬಿಚ್ಚಿದ್ರೆ ಸೀದಾ ಹೊಟ್ಟಿಗೇ ಬಂದು ತಾಗ್ತೈತೆ. ಮುಂದಿನೋನು ಹಿಂದಕ್ಕೆ ಒರಗಿದ್ನೋ, ನಮ್ಮ ಅನ್ನಕ್ಕೆ ಅವನ ತಲೆಎಣ್ಣಿ ವಾಸನಿ ಬರ್ತೈತೆ.”

“ಕಾಲು ಎಲ್ಲಿಡ್ತಾರೆ ಹಂಗಾರೆ?”

“ಕಾಲಿಗೆ ಎಲ್ಲೈತ್ರಿ ಜಾಗ? ಇದ್ದ ಜಾಗದಾಗೆ ನಮ್ಮ ಸಾಹುಕಾರ್ರ ಬ್ಯಾಗು. ಕ್ಯಾಟಲಾಗು, ಸ್ಯಾಂಪಲ್ಲು ಎಲ್ಲ ಅದ್ರಾಗೇ. ಮ್ಯಾಲಿಟ್ರೆ ಯಾರಾದ್ರೂ ಎತ್ಕೊಂಡು ಹೋದ್ರೆ ಏನ್ ಮಾಡ್ಲಿ? ಎಡಗಾಲಾಗೆ ಒತ್ತಿ ಹಿಡ್ಕೊಂಡು ಕೂತಿದ್ದೆ.”

“ಎದ್ದು ಓಡಾಡಕ್ಕೆ ಬಿಡಲ್ಲೇನು?”

“ಬಿಡ್ತಾರೆ. ಆದ್ರೆ ಈ ಕಡೆ ಒಬ್ಬ ಮುದುಕ, ಆ ಕಡೆ ಒಬ್ಬಾಕಿ ದೊಡ್ಡ ಹೆಣ್ಮಗಳು, ಇಬ್ರೂ ಗೊರಕೆ. ಅವ್ರನ್ನ ದಾಟೋದು ಹೆಂಗೆ? ಅದೂ ಅಲ್ದೆ…” ನಾಗಭೂಷಣನಿಗೆ ತನ್ನ ಮಾತಿಗೆ ತನಗೇ ನಗು ಬಂತು. “ಎದ್ರೆ ಸೀಟ್ ಹೋಗ್ತೈತೆ ಅನ್ನೋದು ನಮ್ಮ ರಕ್ತದಾಗೇ ಬಂದ್ಬಿಟ್ಟೈತಲ್ರಿ. ಕಿಟಕ್ಯಾಗೆ ಟವಲ್ ಒಗೆದು ಸೀಟ್ ಹಿಡಿದೋರು ನಾವು. ಹತ್ತಿದಾಗ ಕೂತೋನು, ಇಳಿಯೋವಾಗ್ಲೇ ಎದ್ದಿದ್ದು.”

“ಮತ್ತೆ ಇದಕ್ಕೆ?” ಮಾಳಿಂಗಪ್ಪ ಕಿರುಬೆರಳೆತ್ತಿ ತೋರಿಸಿದರು.

“ನೀರು ಕುಡಿದ್ರಲ್ವಾ ಅದು? ಹುಡ್ಗಿ ಬಂದು ಬಂದು ನೀರು ಬೇಕಾ ಅಂತ ಕೇಳ್ತಿದ್ಲು. ಬ್ಯಾಡವ್ವ ಅಂದೆ.”

ಮಾಳಿಂಗಪ್ಪ ತೊಡೆ ತಟ್ಟಿಕೊಂಡು ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಮಂಡಕ್ಕಿಯ ತಟ್ಟೆ ಹಿಡಿದು ನಿಂತಿದ್ದ ರೂಪಶ್ರೀಗೂ ನಗು ಬಂತು. ಗಂಡ ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಯಂತ್ರಗಳ ಪ್ರದರ್ಶನ ನೋಡಿ ಬಾ ಎಂದು ಸಾಹುಕಾರರು ಅಷ್ಟು ದೂರ ಕಳಿಸಿದ್ದರು. ಹೋಗಿದ್ದ ದಿನಗಳಲ್ಲಿ ಅವಳು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ವಿಮಾನ ಬೀಳಬಹುದು, ದಾರಿ ತಪ್ಪಬಹುದು, ಚಳಿಗೆ ಜ್ವರ ಬರಬಹುದು ಎಂದೆಲ್ಲ ಹೆದರಿದ್ದಳು. ಹಾಂಗ್‌ಕಾಂಗಿನಿಂದ ಬೊಂಬಾಯಿಗೆ ಬಂದಿಳಿದು, ಅಲ್ಲಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಶುಕ್ರವಾರ ಬೆಳಿಗ್ಗೆ ಅವನು ದಾವಣಗೆರೆಯ ವಿದ್ಯಾನಗರದ ಮನೆಯ ಗೇಟು ತೆಗೆದಾಗ ಅತ್ತೆ ಶಕುಂತಲಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಹೆದರಿಕೆಯೂ ಅದರ ಜೊತೆಗೇ ಸುಟ್ಟುಹೋಯಿತು ಎಂದುಕೊಂಡಿದ್ದಳು ರೂಪಶ್ರೀ.

“ಅಪ್ಪಾ, ಇಳಿಯೋ ಸ್ಟಾಪ್ ಬಂತು,” ಎಂದಳು ಅಂಕಿತಾ. ವಿಮಾನದಲ್ಲಿ ಕೊಟ್ಟ ಕಣ್ಣುಪಟ್ಟಿಯನ್ನು ಅವಳು ಹಣೆಗೆ ಕಟ್ಟಿಕೊಂಡಿದ್ದಳು.

ನಾಗಭೂಷಣ ಏಳಲು ಹೋದ. ಏಳಲಾಗದೆ ಮುಂದಿನ ಕುರ್ಚಿಯನ್ನು ಹಿಡಿದುಕೊಂಡ. ಪಂಚೆ ಮೊಣಕಾಲಿಗೆ ಸರಿಯಿತು.

ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪವಾಗಿತ್ತು. ಸುಮ್ಮನೆ ಬಾತ ಹಾಗಲ್ಲ. ಚರ್ಮ ಬಿಗಿದು, ಎಣ್ಣೆ ಸವರಿದ ಬದನೆಕಾಯಿಯ ಹಾಗೆ ಮಿನುಗುತ್ತಿತ್ತು. ಬಲಗಾಲು ಎಂದಿನಂತೆಯೇ ಇತ್ತು.

ರೂಪಶ್ರೀಯ ಕೈಯ ತಟ್ಟೆಯಿಂದ ಒಂದಿಷ್ಟು ಮಂಡಕ್ಕಿ ನೆಲಕ್ಕೆ ಬಿತ್ತು. ಅವಳು ಅದನ್ನು ನೋಡಲೂ ಇಲ್ಲ.

ಇಂಥ ಕಾಲನ್ನು ಅವಳು ಹಿಂದೆ ಒಮ್ಮೆ ನೋಡಿದ್ದಳು.

ಆಗ ಅವಳಿಗೆ ಹದಿನಾಲ್ಕು. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತಿ ನೆಲಕ್ಕೆ ಕಾಲಿಡಬಾರದು, ತಣ್ಣೀರು ಮುಟ್ಟಬಾರದು, ಹೆಚ್ಚು ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಕತ್ತಲೆ ಕೋಣೆಯ ಮಂಚದ ಮೇಲೆ ಕಿವಿಗೆ ಹತ್ತಿ ಇಟ್ಟು ಮಲಗಿಸಿದ್ದರು. ಕೆಲವು ದಿನಕ್ಕೆ ಒಂದು ಕಾಲು ಬಾತುಕೊಂಡಿತು. ಒಂದೇ ಕಾಲು. ಹೀಗೇ ಮಿನುಗುತ್ತಿತ್ತು. ನೀರು ಹಾಕಲು ಬರುತ್ತಿದ್ದ ಹೆಂಗಸು ಹರಳೆಣ್ಣೆ ಬಿಸಿ ಮಾಡಿ, ಹಿಮ್ಮಡಿಯಿಂದ ತೊಡೆಯವರೆಗೆ ಎರಡೂ ಕೈಯಲ್ಲಿ ನೀವಿ ನೀವಿ ತಿಕ್ಕಿದಳು. ಅಕ್ಕ ನೋವಿಗೆ ಹಲ್ಲು ಕಚ್ಚುತ್ತಿದ್ದಳು. ಎಣ್ಣೆಯ ಬಟ್ಟಲು ಹಿಡಿದುಕೊಂಡು ರೂಪಶ್ರೀ ಪಕ್ಕದಲ್ಲೇ ಕೂತಿರುತ್ತಿದ್ದಳು. ಒಂದು ದಿನ ಬಚ್ಚಲಿನಿಂದ ಎದ್ದು ಬಂದ ಅಕ್ಕ ಹೊಸ್ತಿಲ ಮೇಲೆ ನಿಂತು, “ಯಾಕೋ ಉಸಿರು…” ಎಂದಳು. ಮಾತು ಪೂರ್ತಿಯಾಗಲಿಲ್ಲ. ಅಲ್ಲೇ ಕುಸಿದಳು, ಮತ್ತೆ ಏಳಲಿಲ್ಲ.

ಬಾಣಂತಿಗೆ ಗಾಳಿ ತಾಗಿತು ಎಂದರು ಕೆಲವರು. ಕೆಟ್ಟ ಕಣ್ಣು ಎಂದರು ಕೆಲವರು. ಕಾಲಿನ ಮಾತು ಯಾರೂ ಎತ್ತಲಿಲ್ಲ. ಆದರೆ ರೂಪಶ್ರೀಯ ಮನಸ್ಸಿನಲ್ಲಿ ಆ ಕಾಲು, ಆ ಎಣ್ಣೆ ಮತ್ತು ಆ ಹೊಸ್ತಿಲು ಮೂರೂ ಒಂದಕ್ಕೊಂದು ಹೆಣೆದುಕೊಂಡು ಕೂತಿದ್ದವು.

“ಕಾಲು ಹೆಂಗಾಗೈತ್ರಿ ಇದು!” ಎಂದಳು.

“ಕೂತು ಕೂತು ಜೋಮು ಹಿಡಿದೈತೆ ಬಿಡು. ಈಗೆಷ್ಟೋ ವಾಸಿ. ನಿನ್ನೆ ಸಂಜಿ ಅವ್ವ ಎಣ್ಣಿ ಹಚ್ಚಿ ತಿಕ್ಕಿದ್ಲಲ್ಲ.”

ರೂಪಶ್ರೀಗೆ ಇದು ಗೊತ್ತಿರಲಿಲ್ಲ. ನಿನ್ನೆ ಸಂಜೆ ಅವಳು ಅಂಕಿತಾಳ ಜೊತೆ ತರಕಾರಿ ಮಾರುಕಟ್ಟೆಗೆ ಹೋಗಿದ್ದಳು.

ಒಳಗಿನಿಂದ ಬಂದ ಶಕುಂತಲಮ್ಮ ಮಗನ ಕಾಲನ್ನು ಬಗ್ಗಿ ನೋಡಿದರು. “ನನ್ ಕೈಯಾಗೆ ಬಲ ಇಲ್ಲಪ್ಪ. ಉಂಡು ಹರಿಹರಕ್ಕೆ ಹೋಗಣ. ಗುತ್ತೆಪ್ಪನ ಕೈಯಾಗೆ ಒಂದ್ಸಲ ತಿಕ್ಕಿಸಿದ್ರೆ ನಾಳೆ ನೀನು ಫ್ಯಾಕ್ಟರಿಗೆ ಓಡ್ತೀಯ.”

ಗುತ್ತೆಪ್ಪ ಹಳೇ ಪೈಲ್ವಾನ್. ಹರಿಹರದ ಗರಡಿಮನೆಯ ಹಿಂದೆ ಅವನ ಮನೆ. ಉಳುಕು, ಹಿಡಿತ, ನರ ತಪ್ಪಿದ್ದಕ್ಕೆಲ್ಲ ಸುತ್ತಲ ಊರಿನವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಮುದುಕಿಯ ಕೈ ತಿಕ್ಕಿದ್ದೇ ಸಾಲದೆ, ಇನ್ನು ಪೈಲ್ವಾನನ ಕೈಯ ಬಲ!

“ಅತ್ತೆ, ಮೊದ್ಲು ಡಾಕ್ಟ್ರಿಗೆ ತೋರ್ಸಣ.”

“ಜೋಮಿಗೆ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರೇನು? ಜನ ನಗ್ತಾರೆ.”

“ತಿಕ್ಕೋದು ಬ್ಯಾಡ ಅನ್ಸತೈತೆ ನಂಗೆ. ನಮ್ಮ ಮನ್ಯಾಗೆ ಹಿಂದೆ ಒಂದ್ಸಲ…”

“ರೂಪಾ!” ಶಕುಂತಲಮ್ಮನ ಮುಖ ಗಂಟಿಕ್ಕಿತು. ಸೊಸೆಯ ಅಕ್ಕ ಬಾಣಂತನದಲ್ಲಿ ಹೋದದ್ದು ಅವರಿಗೆ ಗೊತ್ತಿತ್ತು. “ಪರದೇಶದಿಂದ ಸುಖವಾಗಿ ಬಂದೋನ ಮುಂದೆ ಹೋದೋರ ಮಾತು ತೆಗೀಬಾರ್ದು. ಹೊಸ್ತಿಲ ಒಳಗೆ ಇದ್ದೀವಿ.”

ಆಡಿದರೆ ಅದೇ ಆಗಿಬಿಡುತ್ತದೆ ಎಂಬ ಭಯ ರೂಪಶ್ರೀಗೂ ಇಲ್ಲದಿರಲಿಲ್ಲ. ಅಡುಗೆಮನೆಗೆ ಹೋಗಿ ರೊಟ್ಟಿ ತಟ್ಟಲು ಕೂತಳು. ರೊಟ್ಟಿ ತಟ್ಟುವ ಕೈ ಮತ್ತೆ ಮತ್ತೆ ನಿಲ್ಲುತ್ತಿತ್ತು. ಪಡಸಾಲೆಯಿಂದ ಗಂಡ ಕೆಮ್ಮಿದ್ದು ಕೇಳಿಸಿತು. ಒಣ ಕೆಮ್ಮು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ.

“ಯಾವಾಗಿಂದ ಕೆಮ್ಮು?” ಎಂದು ಅಲ್ಲಿಂದಲೇ ಕೇಳಿದಳು.

“ನಿನ್ನೆ ರಾತ್ರಿಯಿಂದ. ವಿಮಾನದ ಏಸಿದು. ಪಕ್ಕೆನೂ ಸಣ್ಣಗೆ ಚುಚ್ಚತೈತೆ.”

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಅಂಕಿತಾಳನ್ನು ಮಾಳಿಂಗಪ್ಪನವರ ಮನೆಯಲ್ಲಿ ಬಿಟ್ಟು ಮೂವರೂ ಹರಿಹರದ ಬಸ್ಸು ಹತ್ತಿದರು. ತಾನು ಬರುವುದಿಲ್ಲ ಎಂದರೆ ಇವರು ಹೋಗುವುದು ನಿಲ್ಲುವುದಿಲ್ಲ ಎಂದು ರೂಪಶ್ರೀಗೆ ಗೊತ್ತಿತ್ತು. ಹೋದರೆ ಕೈಯಳತೆಯಲ್ಲಾದರೂ ಇರಬಹುದು. ನಾಗಭೂಷಣ ಕಿಟಕಿಯ ಸೀಟು ಹಿಡಿದು, “ನೋಡು, ವಿಮಾನಕ್ಕಿಂತ ಇದೇ ಅಗಲ ಐತೆ,” ಎಂದು ಹೆಂಡತಿಯತ್ತ ನಕ್ಕ. ಅವಳು ಅವನ ಎದೆಯನ್ನೇ ನೋಡುತ್ತಿದ್ದಳು. ಅದು ಎಂದಿಗಿಂತ ಬೇಗ ಬೇಗ ಏರಿಳಿಯುತ್ತಿದೆಯೋ, ಅಥವಾ ತನ್ನ ಕಣ್ಣಿಗೆ ಹಾಗೆ ಕಾಣುತ್ತಿದೆಯೋ? ಬಸ್ಸು ರಸ್ತೆಯ ಉಬ್ಬಿನ ಮೇಲೆ ಕುಕ್ಕಿದಾಗಲೆಲ್ಲ ಅವಳ ಕೈ ತಾನಾಗಿಯೇ ಅವನ ಮೊಣಕಾಲಿನ ಕಡೆಗೆ ಹೋಗಿ, ಮುಟ್ಟಲು ಹೆದರಿ ಹಿಂದಕ್ಕೆ ಬರುತ್ತಿತ್ತು. ಒಳಗೆ ಏನೋ ಇದೆ, ಗಾಜಿನ ಲೋಟದ ಹಾಗೆ ಅಂಚಿನಲ್ಲಿ ಕೂತಿದೆ, ಯಾರಾದರೂ ಜೋರಾಗಿ ಮಾತಾಡಿದರೂ ಬೀಳುತ್ತದೆ ಎನಿಸುತ್ತಿತ್ತು.

ಮುಂದಿನ ಸೀಟಿನಲ್ಲಿ ಶಕುಂತಲಮ್ಮ ಪಕ್ಕದ ಹೆಂಗಸಿಗೆ ಹೇಳುತ್ತಿದ್ದರು: “ನನ್ ಮಗ ಅಮೆರಿಕದಿಂದ ಬಂದಾನವ್ವ. ಅಲ್ಲಿಂದ ಇಲ್ಲೀಮಟ ಎದ್ದೇಳ್ದಂಗೆ ಕೂತು ಬಂದಾನೆ.”

ಗುತ್ತೆಪ್ಪನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಒಂದು ಬೆಂಚು. ಅವನಿಗೆ ಅರವತ್ತು ದಾಟಿದ್ದರೂ ತೋಳುಗಳು ಒನಕೆಯ ಹಾಗಿದ್ದವು. “ಬರ್ರಿ, ಬರ್ರಿ, ಕೂಡ್ರಿ,” ಎಂದು ಬೆಂಚು ಒರೆಸಿದ. ವಿಮಾನದ ಕಥೆ ಪೂರ್ತಿ ಕೇಳಿಸಿಕೊಂಡ.

“ಅಷ್ಟೊತ್ತು ಕೂತ್ರೆ ಕಲ್ಲೂ ಮರಗಟ್ಟತೈತೆ ಬಿಡು. ನರ ಮಡಚಿಕೊಂಡಿರ್ತೈತೆ. ಬಿಚ್ಚಿದ್ರೆ ಆತು.”

ಬಿಸಿಲಿಗಿಟ್ಟಿದ್ದ ಎಣ್ಣೆಯ ಬಟ್ಟಲನ್ನು ಎತ್ತಿಕೊಂಡು ಬಂದು ನೆಲದ ಮೇಲೆ ಕೂತ. ನಾಗಭೂಷಣನ ಎಡಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಎರಡೂ ಅಂಗೈಗೆ ಎಣ್ಣೆ ಸುರಿದುಕೊಂಡು ಉಜ್ಜಿದ. ಆ ಸಪ್ಪಳ, ಆ ವಾಸನೆ. ಹರಳೆಣ್ಣೆ. ರೂಪಶ್ರೀ ಮತ್ತೆ ಹದಿನಾಲ್ಕರ ಹುಡುಗಿಯಾಗಿ, ಬಟ್ಟಲು ಹಿಡಿದು, ಕತ್ತಲೆ ಕೋಣೆಯಲ್ಲಿ ಕೂತಿದ್ದಳು. ಅಕ್ಕ ಹಲ್ಲು ಕಚ್ಚುತ್ತಿದ್ದಳು. ಆಗ ತನಗೆ ಒಂದು ಮಾತು ಆಡಲು ಗೊತ್ತಿರಲಿಲ್ಲ.

ಗುತ್ತೆಪ್ಪನ ಎರಡು ಹೆಬ್ಬೆರಳು ಹಿಮ್ಮಡಿಯ ಮೇಲೆ ಕೂತವು.

“ಬ್ಯಾಡ!”

ತನ್ನ ದನಿಗೆ ರೂಪಶ್ರೀಯೇ ಬೆಚ್ಚಿದಳು. ನೆಲಕ್ಕೆ ಕುಸಿದು, ಗಂಡನ ಕಾಲಿಗೂ ಪೈಲ್ವಾನನ ಕೈಗೂ ನಡುವೆ ತನ್ನ ಎರಡೂ ಕೈ ಚಾಚಿದ್ದಳು. ಸೆರಗು ಎಣ್ಣೆಯ ಬಟ್ಟಲಲ್ಲಿ ಬಿದ್ದಿತ್ತು.

“ಏನಿದು ರೂಪಾ? ಎದ್ದೇಳು!” ನಾಗಭೂಷಣನಿಗೆ ನಾಚಿಕೆಯಿಂದ ಕಿವಿ ಕೆಂಪಾದವು.

“ನಮ್ಮಕ್ಕನ ಕಾಲೂ ಹಿಂಗೇ ಆಗಿತ್ತು. ಹಿಂಗೇ ಒಂದೇ ಕಾಲು. ಹಿಂಗೇ ಎಣ್ಣಿ ಹಚ್ಚಿ ತಿಕ್ಕಿದ್ರು. ನಾನೇ ಬಟ್ಲು ಹಿಡಿದಿದ್ದೆ. ತಿಕ್ಕಿದ ಮ್ಯಾಲೇ ಅವಳು ಉಸಿರು ಅಂತ ಅಂದು ಬಿದ್ದು ಸತ್ತಳು. ಸತ್ತಳು ಅತ್ತೆ! ಅಪಶಕುನ ಆದ್ರೂ ಆಗ್ಲಿ, ಅಂದೇಬಿಟ್ಟೆ. ಇವ್ರಿಗೂ ನಿನ್ನೆ ತಿಕ್ಕಿದ ಮ್ಯಾಲೇ ಕೆಮ್ಮು ಬಂದೈತೆ. ಪಕ್ಕೆ ಚುಚ್ಚತೈತೆ.”

ಶಕುಂತಲಮ್ಮ ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡು ಸೆರಗಿನೊಳಗೆ ಸೇರಿಸಿದರು.

ಗುತ್ತೆಪ್ಪ ನಿಧಾನವಾಗಿ ಕೈ ಹಿಂದಕ್ಕೆ ತೆಗೆದ. “ನಂಗೆ ಇದೆಲ್ಲ ಗೊತ್ತಿಲ್ಲ ತಂಗಿ. ಉಳುಕು ಗೊತ್ತು, ಅಷ್ಟೆ. ಆದ್ರೆ ಮನಿ ಹೆಣ್ಮಗಳು ಇಷ್ಟು ಹೆದರಿದ ಮ್ಯಾಲೆ ನಾನು ಮುಟ್ಟಲ್ಲ.” ಬೀದಿಯ ಕಡೆ ತಿರುಗಿ ಕೂಗಿದ: “ಇಮಾಮ್ ಸಾಬ್! ಆಟೋ ತಗೊಂಡು ಬಾರಪ್ಪ. ದಾವಣಗೆರೆ ದೊಡ್ಡಾಸ್ಪತ್ರಿಗೆ!”

“ಏನ್ ಆಗೈತೆ ಅಂತ ಇಷ್ಟು ಗದ್ಲ…” ಎನ್ನುತ್ತ ನಾಗಭೂಷಣ ಎದ್ದು ನಿಂತ. ಮಾತು ಮುಗಿಸುವ ಮೊದಲೇ ಕೆಮ್ಮು ಬಂತು. ಬಗ್ಗಿ ಪಕ್ಕೆ ಹಿಡಿದುಕೊಂಡ. ನೆಟ್ಟಗಾದಾಗ ಅವನ ಮುಖದಲ್ಲಿ ನಗುವಿರಲಿಲ್ಲ. “ನಡಿ, ಹೋಗಣ,” ಎಂದ.

ಆಟೋದಲ್ಲಿ ರೂಪಶ್ರೀ ಅವನ ಕಾಲನ್ನು ನೀಳವಾಗಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಮುಟ್ಟಿಯೂ ಮುಟ್ಟದ ಹಾಗೆ ಸೆರಗು ಹಾಸಿ, ಅದರ ಮೇಲೆ. ಅದರ ಕಾವು ಸೀರೆಯನ್ನು ದಾಟಿ ಬರುತ್ತಿತ್ತು. “ನಿಧಾನಕ್ಕೆ ಹೋಗ್ರಿ,” ಎಂದಳು ಇಮಾಮ್ ಸಾಬರಿಗೆ. ಸ್ವಲ್ಪ ದೂರ ಹೋದ ಮೇಲೆ, “ಯಾಕ ಇಷ್ಟು ನಿಧಾನ? ಬೇಗ ಹೋಗ್ರಿ,” ಎಂದಳು. ಮತ್ತೆ ಒಂದು ಗುಂಡಿ ಬಂದಾಗ, “ಅಯ್ಯೋ, ನಿಧಾನ!” ಇಮಾಮ್ ಸಾಬ್ ತಿರುಗಿ ನೋಡದೆ, “ಹೆದರ್ಬ್ಯಾಡ್ರಿ ಅಕ್ಕಾ, ತುಂಬಿದ ಕೊಡ ಒಯ್ಯೋ ಹಾಗೆ ಒಯ್ತೀನಿ,” ಎಂದರು. ಹಾಗೆಯೇ ಒಯ್ದರು. ಲಾರಿಗಳು ಹಾರನ್ ಹೊಡೆಯುತ್ತ ದಾಟಿದವು.

ನಾಗಭೂಷಣ ಮಾತಾಡುತ್ತಿರಲಿಲ್ಲ. ಅವನು ಮಾತಾಡದಿದ್ದುದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. “ಏನಾದ್ರೂ ಮಾತಾಡ್ರಿ,” ಎಂದಳು.

“ಏನ್ ಮಾತಾಡ್ಲಿ?”

“ವಿಮಾನದಾಗೆ ಊಟಕ್ಕೆ ಏನ್ ಕೊಟ್ರು?”

“ಬ್ರೆಡ್ಡು. ಒಂದು ಪುಟ್ಟ ಬೆಣ್ಣಿ.” ಒಂದು ಉಸಿರು ತೆಗೆದುಕೊಂಡ. “ನಮ್ಮ ದ್ವಾಸಿ ಬೆಣ್ಣಿ ಮುಂದೆ ಏನೂ ಅಲ್ಲ.” ಇನ್ನೊಂದು ಉಸಿರು. “ಇನ್ನ ಕೇಳ್ಬ್ಯಾಡ ರೂಪಾ. ದಮ್ಮು ಬರ್ತೈತೆ.”

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಾಲು ನೋಡಿದರು. ಬಂದದ್ದು ಎಲ್ಲಿಂದ, ಎಷ್ಟು ಹೊತ್ತು ಕೂತಿದ್ದು ಎಂದು ಕೇಳಿದರು. “ನಡುವೆ ಎದ್ದು ಓಡಾಡಿದ್ರಾ? ನೀರು ಕುಡಿದ್ರಾ?” ನಾಗಭೂಷಣ ಎರಡಕ್ಕೂ ತಲೆ ಅಲ್ಲಾಡಿಸಿದ. ಬೆಳಿಗ್ಗೆ ಮಾಳಿಂಗಪ್ಪನವರನ್ನು ನಗಿಸಿದ ಮಾತುಗಳೇ ಈಗ ಒಂದೊಂದಾಗಿ ಡಾಕ್ಟರಮ್ಮನ ಹುಬ್ಬನ್ನು ಗಂಟಿಕ್ಕಿಸಿದವು.

“ಈ ಕಾಲನ್ನ ಯಾರಾದ್ರೂ ತಿಕ್ಕಿದ್ರಾ?”

ಶಕುಂತಲಮ್ಮ ಗೋಡೆಯ ಕಡೆ ನೋಡುತ್ತಿದ್ದರು. ಅತ್ತೆಯ ಮಾನ ಉಳಿಸುವ ಒಂದು ಸುಳ್ಳು ರೂಪಶ್ರೀಯ ನಾಲಗೆಯ ತುದಿಗೆ ಬಂತು. ಆದರೆ ಸುಳ್ಳಿನಿಂದ ಔಷಧಿ ತಪ್ಪಿದರೆ?

“ನಿನ್ನೆ ಸಂಜೆ ಮನೆಯಲ್ಲಿ ಒಂದು ಸಲ ತಿಕ್ಕಿದ್ವಿ,” ಎಂದಳು. ಯಾರು ಎಂದು ಹೇಳಲಿಲ್ಲ.

ಗಾಲಿಯ ಮಂಚ ಬಂತು. ಅವನನ್ನು ಒಂದು ಹೆಜ್ಜೆಯೂ ನಡೆಯಗೊಡಲಿಲ್ಲ. ಸ್ಕ್ಯಾನಿಂಗ್ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಹೊರಗಿನ ಕಲ್ಲುಬೆಂಚಿನ ಮೇಲೆ ಅತ್ತೆ ಸೊಸೆ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಮುಚ್ಚಿದ ಬಾಗಿಲನ್ನು ನೋಡುತ್ತ ರೂಪಶ್ರೀ ಅಂಕಿತಾಳನ್ನು ನೆನೆದಳು. ಹೊರಡುವಾಗ ಆ ಮಗು ಪಡಸಾಲೆಯ ಕುರ್ಚಿಗಳನ್ನು ಹಾಗೇ ಇಡಿ ಎಂದು ಹಟ ಮಾಡಿತ್ತು, ಅಪ್ಪ ಬಂದ ಮೇಲೆ ಮತ್ತೆ ವಿಮಾನ ಆಡಬೇಕು ಎಂದು. ಆ ನಡುವಿನ ಕುರ್ಚಿ. ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು.

ಹೊರಗೆ ಬಂದ ಡಾಕ್ಟರಮ್ಮ ಅವರ ಎದುರಿಗೇ ಸ್ಟೂಲು ಎಳೆದುಕೊಂಡು ಕೂತರು. “ಅಲ್ಲಾಡದೆ ಕೂತು ಕೂತು ಕಾಲಿನ ರಕ್ತ ಹೆಪ್ಪುಗಟ್ಟಿದೆ. ಅದರದೊಂದು ಸಣ್ಣ ಚೂರು ಆಗಲೇ ಎದೆಗೆ ಹೋಗಿರೋ ಹಾಗಿದೆ, ಅದಕ್ಕೇ ಕೆಮ್ಮು. ದೊಡ್ಡದು ಇನ್ನೂ ಕಾಲಲ್ಲೇ ಇದೆ. ಇಂಜೆಕ್ಷನ್ ಶುರು ಮಾಡಿದ್ದೀವಿ. ಮಂಚ ಬಿಟ್ಟು ಇಳೀಬಾರದು. ಇವತ್ತು ಯಾರಾದ್ರೂ ಇನ್ನೊಂದು ಸಲ ತಿಕ್ಕಿದ್ದಿದ್ದರೆ…” ಅವರು ಶಕುಂತಲಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

“ಉಳೀತಾರಾ?” ಎಂದಳು ರೂಪಶ್ರೀ.

“ಈ ನಾಲ್ಕೈದು ದಿನ ಹುಷಾರಾಗಿ ನೋಡ್ಕೋಬೇಕು. ಸರಿಯಾದ ಹೊತ್ತಿಗೆ ತಂದಿದ್ದೀರಿ.”

ವಾರ್ಡಿನಲ್ಲಿ ನಾಗಭೂಷಣನ ಎಡಗಾಲನ್ನು ಎರಡು ದಿಂಬಿನ ಮೇಲೆ ಎತ್ತಿಟ್ಟಿದ್ದರು. ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿತ್ತು. ಹೆಂಡತಿಯನ್ನು ಕಂಡು ಅವನು, “ಇಲ್ಲೂ ಏಳಂಗಿಲ್ವಂತೆ ಕಣೆ,” ಎಂದ ಸಣ್ಣ ದನಿಯಲ್ಲಿ. “ಆದ್ರೆ ಸೀಟ್ ಅಗಲ ಐತೆ.” ಅವಳಿಗೆ ನಗಲಾಗಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿ ಅವನ ತಲೆ ಎತ್ತಿ ಹಿಡಿದಳು. ಅವನು ಪೂರ್ತಿ ಕುಡಿದ. ಇನ್ನೊಂದು ಲೋಟ ಬಗ್ಗಿಸಿದಳು. ಅದನ್ನೂ ಕುಡಿದು ಕಣ್ಣು ಮುಚ್ಚಿದ. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಳು.

ಶಕುಂತಲಮ್ಮ ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದರು. ಮಗ ಹುಟ್ಟಿದಾಗಿನಿಂದ ಅವನ ಕಾಲು ನೀವಿದ ಕೈಗಳು, ಚಾಚಿದ್ದ ಪಾದದ ಹತ್ತಿರಕ್ಕೆ ಹೋಗಿ, ಬೆಂಕಿ ಕಂಡ ಹಾಗೆ ಹಿಂದಕ್ಕೆ ಸರಿದವು. ಎಲ್ಲಿ ಇಡಬೇಕೋ ತಿಳಿಯದೆ ಮಂಚದ ಕಬ್ಬಿಣದ ಕಂಬಿಯನ್ನು ಹಿಡಿದುಕೊಂಡರು.

“ಗೊತ್ತಿಲ್ದೆ ಮಾಡಿದ್ದು ಅತ್ತೆ,” ಎಂದಳು ರೂಪಶ್ರೀ. “ಮಗನ ನೋವು ಹೋಗ್ಲಿ ಅಂತ ಮಾಡಿದ್ದು. ನಮ್ಮವ್ವನೂ ಹಂಗೇ ಮಾಡ್ಸಿದ್ಲು.”

ಅತ್ತೆ ಸುತ್ತಿ ಬಂದು ಸೊಸೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಈ ಸಲ ನಡುವೆ ಜಾಗ ಬಿಡಲಿಲ್ಲ. ಆಮೇಲೆ ಕೇಳಿದರು: “ನಿಮ್ಮಕ್ಕನ ಹೆಸರು ಏನವ್ವ?”

ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

“ಕೊಟ್ರಮ್ಮ,” ಎಂದಳು ರೂಪಶ್ರೀ.

“ಕೊಟ್ರಮ್ಮ,” ಎಂದರು ಅತ್ತೆ ಮೆಲ್ಲಗೆ, ನಾಲಗೆಗೆ ರೂಢಿ ಮಾಡಿಕೊಳ್ಳುವವರ ಹಾಗೆ.

ಮಂಚದ ಮೇಲೆ ನಾಗಭೂಷಣ ಕೆಮ್ಮಿದ. ಇಬ್ಬರೂ ಒಟ್ಟಿಗೇ ತಲೆ ಎತ್ತಿದರು. ಅವನ ಎದೆ ನಿಂತ ಹಾಗೆ ಕಂಡಿತು. ಆಮೇಲೆ ಏರಿತು, ಇಳಿಯಿತು, ಮತ್ತೆ ಏರಿತು. ಶಕುಂತಲಮ್ಮನ ಕೈ ಸೊಸೆಯ ಕೈಯನ್ನು ಹುಡುಕಿ ಹಿಡಿದುಕೊಂಡಿತ್ತು, ನೋಯುವಷ್ಟು ಬಿಗಿಯಾಗಿ. ರೂಪಶ್ರೀ ಬಿಡಿಸಿಕೊಳ್ಳಲಿಲ್ಲ.